ರೈತರ ಮನೆಯ ಗ್ಯಾಸ್ ಗೀಸರು: ಅದರ ಅಂಗಗಳೂ ದುರಸ್ತಿಯೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಸ್ನಾನದ ನೀರನ್ನು ಕಾಯಿಸುವ ಕೆಲಸವು ಬಹುಕಾಲದಿಂದಲೂ ಬಚ್ಚಲುಮನೆಯ ಹಂಡೆಯೊಲೆಗೆ ಸೇರಿದುದಾಗಿತ್ತು. ಚನ್ನಗಿರಿಯ ತೋಟದವರು ಅಡಿಕೆಯ ಸೋಗೆಯನ್ನೂ ಒಣಗಿದ ಸಿಪ್ಪೆಯನ್ನೂ, ಹೊನ್ನಾಳಿ ಮತ್ತು ನ್ಯಾಮತಿಯ ಕಡೆಯವರು ತೆಂಗಿನ ಗರಿಮಟ್ಟೆಗಳನ್ನೂ, ಜಗಳೂರಿನ ಖುಷ್ಕಿ ರೈತರು ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು ಮತ್ತು ಕುಳ್ಳುಗಳನ್ನೂ ಉರಿಸಿ ನೀರು ಕಾಯಿಸುತ್ತಿದ್ದರು. ಈ ಪದ್ಧತಿಯು ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಆದರೆ ಈಚೆಗೆ ಸಿಲಿಂಡರಿನ ಅನಿಲದಿಂದ ನೀರು ಕಾಯಿಸುವ ಗೀಸರುಗಳು ಹಳ್ಳಿಯ ಮನೆಗಳಿಗೂ ಬಂದಿವೆ. ಇದರಿಂದ ಹೆಂಗಸರಿಗೆ ಹೊಗೆಯ ಬಾಧೆಯು ತಪ್ಪುವುದಲ್ಲದೆ, ಒಲೆಗೆ ಹೋಗುತ್ತಿದ್ದ ಸಗಣಿಯೂ ಕಸಕಡ್ಡಿಯೂ ಗೊಬ್ಬರದ ಗುಂಡಿಗೆ ಉಳಿದು ಭೂಮಿಗೆ ಸೇರುವುವಾದುದರಿಂದ, ಈ ಬದಲಾವಣೆಯು ವ್ಯವಸಾಯದ ದೃಷ್ಟಿಯಿಂದಲೂ ಒಳ್ಳೆಯದೇ.

ಆದಾಗ್ಯೂ ಹಂಡೆಯೊಲೆಗೂ ಗೀಸರಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಹಂಡೆಯೊಲೆಯು ಕೆಟ್ಟರೆ ಹೊಗೆಯು ಕಣ್ಣಿಗೆ ಚುಚ್ಚಿ ಎಚ್ಚರಿಸುತ್ತದೆ. ಹಂಚಿನ ಮಾಡಿನ ಸಂದುಗಳಲ್ಲಿ ಅದು ಹೊರಕ್ಕೂ ಹೋಗುತ್ತದೆ. ಗೀಸರು ಕೆಟ್ಟು ಉರಿದಾಗ ಹುಟ್ಟುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತಾರಸಿಯ ಬಚ್ಚಲುಮನೆಯಲ್ಲಿ ಅದಕ್ಕೆ ಹೊರಗೆ ಹೋಗುವ ದಾರಿಯೂ ಇರುವುದಿಲ್ಲ. ಆದುದರಿಂದ ಗೀಸರಿನ ದುರಸ್ತಿಯೆಂದರೆ ಅದನ್ನು ಹೇಗಾದರೂ ಮಾಡಿ ಉರಿಯುವಂತೆ ಮಾಡುವುದಲ್ಲ. ಸರಿಯಾಗಿ ಉರಿಯುವಂತೆ ಮಾಡುವುದು. ಯಾವ ಕೆಲಸವನ್ನು ಮನೆಯವರೇ ಮಾಡಬಹುದು, ಯಾವುದನ್ನು ತಿಳಿದವರಿಗೇ ಬಿಡಬೇಕು ಎಂಬುದನ್ನು ಈ ಕೆಳಗೆ ವಿವರಿಸಿದೆ.

ಯಂತ್ರದ ರಚನೆ

ಸಾಮಾನ್ಯವಾಗಿ ಮನೆಗಳಲ್ಲಿರುವ ಗೀಸರು ನಿಮಿಷಕ್ಕೆ ಸುಮಾರು ೬ ಲೀಟರ್ ನೀರನ್ನು ಕಾಯಿಸತಕ್ಕದ್ದು. ಇದರಲ್ಲಿ ನೀರನ್ನು ತುಂಬಿಡುವ ತೊಟ್ಟಿಯಿಲ್ಲ. ನಲ್ಲಿಯನ್ನು ತಿರುಗಿಸಿದೊಡನೆ ನೀರು ಹರಿಯುತ್ತ ಹರಿಯುತ್ತಲೇ ಕಾಯುತ್ತದೆ. ಅದರ ಮುಖ್ಯ ಅಂಗಗಳು ಇವು.

೧. ನೀರು ಒಳಬರುವ ಬಾಯಿ ಮತ್ತು ಅದರಲ್ಲಿರುವ ಸಣ್ಣ ಜಾಲರಿ. ಮರಳು, ಕೆಸರುಗಳನ್ನು ತಡೆಯುವುದು ಇದರ ಕೆಲಸ.

೨. ನೀರಿನ ಕವಾಟ. ಇದರ ಒಳಗೆ ಬಿಲ್ಲೆಯಾಕಾರದ ಒಂದು ರಬ್ಬರ್ ಪೊರೆಯಿದೆ. ನೀರು ವೇಗವಾಗಿ ಹರಿದಾಗ ಪೊರೆಯ ಎರಡು ಮಗ್ಗುಲುಗಳಲ್ಲಿ ಒತ್ತಡವು ಬೇರೆಬೇರೆಯಾಗಿ, ಪೊರೆಯು ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಆ ಕಡ್ಡಿಯು ಅನಿಲದ ಬಾಗಿಲನ್ನು ತೆರೆಯುತ್ತದೆ. ಕಿಡಿಯ ಸ್ವಿಚ್ಚನ್ನೂ ಒತ್ತುತ್ತದೆ. ನೀರು ನಿಂತೊಡನೆ ಪೊರೆಯು ಹಿಂದಕ್ಕೆ ಸರಿದು ಅನಿಲವು ಮುಚ್ಚಿಕೊಳ್ಳುತ್ತದೆ. ನೀರಿಲ್ಲದೆ ಬೆಂಕಿಯಿರಕೂಡದೆಂಬ ನಿಯಮವನ್ನು ಕಾಯುವ ಕಾವಲುಗಾರನು ಈ ಪೊರೆಯೇ.

೩. ಕಿಡಿಯ ಪೆಟ್ಟಿಗೆ. ಇದಕ್ಕೆ ೧.೫ ವೋಲ್ಟಿನ ಎರಡು ದಪ್ಪ ಸೆಲ್ಲುಗಳು ಶಕ್ತಿಯನ್ನೊದಗಿಸುತ್ತವೆ. ಒಂದು ಕಡ್ಡಿಯು ಕಿಡಿಯನ್ನು ಹಾರಿಸುತ್ತದೆ. ಇನ್ನೊಂದು ಜ್ವಾಲೆಯಿದೆಯೇ ಇಲ್ಲವೇ ಎಂಬುದನ್ನು ಅರಿತು, ಜ್ವಾಲೆ ಕಾಣದಿದ್ದರೆ ಅನಿಲವನ್ನು ನಿಲ್ಲಿಸುತ್ತದೆ.

೪. ಬರ್ನರು ಮತ್ತು ಅದರ ಸೂಕ್ಷ್ಮ ರಂಧ್ರಗಳುಳ್ಳ ಜೆಟ್ಟುಗಳು.

೫. ಬರ್ನರಿನ ಮೇಲ್ಗಡೆಯ ತಾಮ್ರದ ಸುರುಳಿ ಮತ್ತು ರೆಕ್ಕೆಗಳು. ಉರಿಯ ಶಾಖವನ್ನು ನೀರಿಗೆ ಮುಟ್ಟಿಸುವುದು ಇವುಗಳ ಕೆಲಸ.

ಇವಲ್ಲದೆ ನೀರು ಅತಿಯಾಗಿ ಕಾದರೆ ಬೆಂಕಿಯನ್ನು ಆರಿಸುವ ಸಾಧನವೂ, ಕೆಲವು ಮಾದರಿಗಳಲ್ಲಿ ೨೦ ನಿಮಿಷಗಳಾದ ಮೇಲೆ ತಾನಾಗಿಯೇ ನಿಲ್ಲುವ ಏರ್ಪಾಡೂ ಇರುತ್ತವೆ. ಪದೇಪದೇ ಆರುತ್ತದೆಂಬ ಬೇಸರದಿಂದ ಈ ರಕ್ಷಣಾ ಸಾಧನಗಳ ತಂತಿಗಳನ್ನು ಒಂದಕ್ಕೊಂದು ಹೊಸೆದುಬಿಡುವವರುಂಟು. ಇದನ್ನು ಎಂದಿಗೂ ಮಾಡಕೂಡದು.

ನೀರಿನ ಗುಣ ಮತ್ತು ಒತ್ತಡ

ಒಂದೇ ಬಗೆಯ ಗೀಸರು ಎಲ್ಲ ಊರುಗಳಲ್ಲಿಯೂ ಒಂದೇ ರೀತಿ ಕೆಡುವುದಿಲ್ಲ. ಜಗಳೂರಿನ ಕಡೆ ಆಳವಾದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅಂತಹ ನೀರು ಕಾದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶವು ಬೇರ್ಪಟ್ಟು ತಾಮ್ರದ ಸುರುಳಿಯ ಒಳಮೈಗೆ ಬಿಳಿಯ ಪದರವಾಗಿ ಅಂಟಿಕೊಳ್ಳುತ್ತದೆ. ಸೋಪು ಚೆನ್ನಾಗಿ ನೊರೆಗೂಡದಿರುವುದು, ಬೇಳೆ ಬೇಯಲು ತಡವಾಗುವುದು, ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಚಕ್ಕೆ ಕಟ್ಟುವುದು, ಇವು ಗಡಸುನೀರಿನ ಗುರುತುಗಳು. ಹೊನ್ನಾಳಿಯಂತೆ ತುಂಗಭದ್ರೆಯ ದಡದಲ್ಲಿರುವ ಊರುಗಳಲ್ಲಿ ಹೊಳೆಯ ನೀರು ಮೆದುವಾದುದರಿಂದ ಸುಣ್ಣದ ಕಾಟ ಕಡಿಮೆ. ಆದರೆ ಮಳೆಗಾಲದ ಕೆಂಪುನೀರಿನ ಮಣ್ಣು ತೊಟ್ಟಿಯ ತಳದಲ್ಲಿ ಕುಳಿತು, ಅಲ್ಲಿಂದ ಜಾಲರಿಯನ್ನು ಸೇರಿ ಕಟ್ಟಿಕೊಳ್ಳುತ್ತದೆ.

ಒತ್ತಡದ ವಿಷಯವೂ ಇಷ್ಟೇ ಮುಖ್ಯವಾದುದು. ಪೊರೆಯನ್ನು ಉಬ್ಬಿಸಲು ಗೀಸರಿನಿಂದ ತೊಟ್ಟಿಯ ನೀರಿನ ಮಟ್ಟವು ಸಾಮಾನ್ಯವಾಗಿ ಸುಮಾರು ಎರಡೂವರೆ ಮೀಟರಾದರೂ ಎತ್ತರದಲ್ಲಿರಬೇಕು. ಸರಿಯಾದ ಅಳತೆಯನ್ನು ಯಂತ್ರದೊಡನೆ ಬರುವ ಪುಸ್ತಿಕೆಯಲ್ಲಿ ನೋಡಿಕೊಳ್ಳತಕ್ಕದ್ದು. ಒಂದಂತಸ್ತಿನ ಮನೆಯ ತಾರಸಿಯ ಮೇಲೆ ತೊಟ್ಟಿಯನ್ನು ನೇರವಾಗಿ ಕೂರಿಸಿ, ಗೀಸರನ್ನು ಆಳೆತ್ತರಕ್ಕೆ ತಗುಲಿಹಾಕಿದರೆ ಈ ಎತ್ತರವು ದೊರೆಯುವುದಿಲ್ಲ. ತೊಟ್ಟಿಯಲ್ಲಿ ನೀರು ಇಳಿದಂತೆಲ್ಲ ಇನ್ನೂ ಕಡಿಮೆಯಾಗುತ್ತದೆ. ಇಂತಹ ಮನೆಯಲ್ಲಿ ಎಷ್ಟು ಅಂಗಗಳನ್ನು ಬದಲಾಯಿಸಿದರೂ ಗೀಸರು ಬೆಳಿಗ್ಗೆ ಹೊತ್ತಿ ಸಂಜೆ ಹೊತ್ತದೆ ಕಾಡುತ್ತದೆ. ತೊಟ್ಟಿಯ ಕೆಳಗೆ ಇಟ್ಟಿಗೆಯ ಕಟ್ಟೆಯನ್ನು ಕಟ್ಟಿ ಎತ್ತರಿಸುವುದೇ ಇದಕ್ಕೆ ಪರಿಹಾರ.

ದೋಷಗಳೂ ಪರಿಹಾರಗಳೂ

ನಲ್ಲಿ ತಿರುಗಿಸಿದರೂ ಕಿಡಿಯ ಶಬ್ದ ಕೇಳದಿದ್ದರೆ: ಮೊದಲು ಸೆಲ್ಲುಗಳನ್ನು ನೋಡಬೇಕು. ಬಚ್ಚಲ ತೇವದಿಂದ ಸೆಲ್ಲು ಸೋರಿ, ಅದು ಕೂರುವ ತಗಡಿಗೆ ಕಿಲುಬು ಹಿಡಿದಿರುವುದುಂಟು. ಕಿಲುಬನ್ನು ಒಣಬಟ್ಟೆಯಿಂದ ಉಜ್ಜಿ ತೆಗೆದು, ಎರಡು ಸೆಲ್ಲುಗಳನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು. ಒಂದು ಹೊಸದು, ಒಂದು ಹಳೆಯದು ಹಾಕಬಾರದು. ಹೊಸ ಸೆಲ್ಲಿಗೂ ಶಬ್ದ ಬಾರದಿದ್ದರೆ ದೋಷವು ನೀರಿನ ಕಡೆಯದೆಂದು ತಿಳಿಯಬಹುದು. ನೀರಿನ ಬಾಯಿಯ ಜಾಲರಿಯನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ನೋಡಬೇಕು. ಆಗಲೂ ಸರಿಹೋಗದಿದ್ದರೆ ಒತ್ತಡವು ಸಾಲದು, ಇಲ್ಲವೆ ರಬ್ಬರ್ ಪೊರೆಯು ಹರಿದಿದೆ ಎಂದರ್ಥ.

ಕಿಡಿ ಹಾರಿದರೂ ಹೊತ್ತದಿದ್ದರೆ: ಸಿಲಿಂಡರು ಬರಿದಾಗಿರಬಹುದು, ರೆಗ್ಯುಲೇಟರು ಮುಚ್ಚಿರಬಹುದು, ಅಥವಾ ಬಹುದಿನ ನಿಂತ ಗೀಸರಾದರೆ ಜೆಟ್ಟಿನಲ್ಲಿ ಜೇಡವು ಬಲೆ ಕಟ್ಟಿರಬಹುದು. ಮೂರು ಸಲಕ್ಕಿಂತ ಹೆಚ್ಚಾಗಿ ಯತ್ನಿಸಬಾರದು. ಹೊತ್ತದೆ ಹೊರಬಂದ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ನಿಂತಿರುತ್ತದೆ. ನಲ್ಲಿಯನ್ನೂ ಸಿಲಿಂಡರನ್ನೂ ಮುಚ್ಚಿ, ಅನಿಲದ ವಾಸನೆಯು ಪೂರ್ತಿ ಹೋಗುವವರೆಗೂ ಗಾಳಿಯಾಡಲು ಬಿಡಬೇಕು.

ಹೊತ್ತಿ ಕೂಡಲೇ ಆರಿದರೆ: ಸೆಲ್ಲುಗಳ ಶಕ್ತಿ ಕುಂದಿರಬಹುದು, ಅಥವಾ ಜ್ವಾಲೆಯನ್ನು ಅರಿಯುವ ಕಡ್ಡಿಗೆ ಮಸಿ ಹಿಡಿದಿರಬಹುದು. ಮಸಿಯನ್ನು ಮೆಕ್ಯಾನಿಕನಿಂದ ಒರೆಸಿಸಿದರೆ ಗೀಸರು ಉರಿಯುತ್ತದೆ ನಿಜ. ಆದರೆ ಮಸಿಯು ಎಲ್ಲಿಂದ ಬಂದಿತೆಂಬುದನ್ನು ಕೇಳದೆ ಬಿಡಬಾರದು. ಸರಿಯಾಗಿ ಉರಿಯುವ ಅನಿಲವು ಮಸಿಯನ್ನು ಉಗುಳುವುದಿಲ್ಲ.

ಉರಿ ಜೋರಾಗಿದ್ದರೂ ನೀರು ಸಾಕಷ್ಟು ಕಾಯದಿದ್ದರೆ: ಸುರುಳಿಯಲ್ಲಿ ಸುಣ್ಣ ಕಟ್ಟಿದೆ, ಇಲ್ಲವೆ ನೀರು ಅಳತೆ ಮೀರಿ ಹರಿಯುತ್ತಿದೆ. ನೀರಿನ ತಿರುಪನ್ನು ತುಸು ತಗ್ಗಿಸಿ ನೋಡಬೇಕು.

ನಲ್ಲಿ ಮುಚ್ಚಿದ ಮೇಲೂ ಬೆಂಕಿ ಉರಿಯುತ್ತಿದ್ದರೆ: ಇದು ಬಹಳ ಅಪಾಯಕರವಾದ ದೋಷ. ಕವಾಟದ ಕಡ್ಡಿಯು ಸುಣ್ಣದಿಂದಲೋ ಕಿಲುಬಿನಿಂದಲೋ ಸಿಕ್ಕಿಕೊಂಡು ಅನಿಲದ ಬಾಗಿಲು ತೆರೆದೇ ಉಳಿದಿದೆ. ತಕ್ಷಣವೇ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಮೆಕ್ಯಾನಿಕನು ನೋಡುವವರೆಗೂ ಗೀಸರನ್ನು ಮುಟ್ಟಬಾರದು.

ಉರಿಯು ನೀಲಿಯಾಗಿರದೆ ಹಳದಿಯಾಗಿದ್ದರೆ: ಗೀಸರಿನ ಬಳಕೆಯನ್ನು ಆ ಕ್ಷಣವೇ ನಿಲ್ಲಿಸತಕ್ಕದ್ದು. ಇದರ ಕಾರಣವನ್ನು ಮುಂದೆ ಹೇಳಿದೆ.

ರಬ್ಬರ್ ಪೊರೆಯ ಬದಲಾವಣೆ

ಕೈ ಪಳಗಿದವರು ಮನೆಯಲ್ಲಿಯೇ ಬದಲಾಯಿಸಬಹುದಾದ ಅಂಗವು ಇದೊಂದೇ. ಅದೂ ಅನಿಲದ ಕೊಳವೆಯನ್ನು ಬಿಚ್ಚದೆಯೇ ನೀರಿನ ಕವಾಟದ ಮುಚ್ಚಳವನ್ನು ತೆಗೆಯಲು ಬರುವ ಮಾದರಿಗಳಲ್ಲಿ ಮಾತ್ರ. ಹಾಗೆ ಬಾರದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಯಬೇಕು.

ಮೊದಲು ಸಿಲಿಂಡರಿನಿಂದ ರೆಗ್ಯುಲೇಟರನ್ನು ತೆಗೆದಿಡಬೇಕು. ಸೆಲ್ಲುಗಳನ್ನು ಹೊರತೆಗೆಯಬೇಕು. ನೀರನ್ನು ಮುಚ್ಚಿ, ಗೀಸರಿನ ಕೆಳಗಣ ತಿರುಪನ್ನು ಸಡಿಲಿಸಿ ಒಳಗಿನ ನೀರನ್ನು ಇಳಿಸಬೇಕು. ಅನಂತರ ಕವಾಟದ ಮುಚ್ಚಳದ ತಿರುಪುಗಳನ್ನು ಬಿಚ್ಚಿದರೆ ಪೊರೆಯೂ ಅದರ ಮೇಲಿನ ಬಿಲ್ಲೆಯೂ ಕಾಣುತ್ತವೆ. ಅವು ಯಾವ ಮಗ್ಗುಲಾಗಿ ಕುಳಿತಿವೆಯೆಂಬುದನ್ನು ಚೆನ್ನಾಗಿ ನೋಡಿಕೊಂಡೇ ತೆಗೆಯಬೇಕು. ಹಳೆಯ ಪೊರೆಯನ್ನು ಅಂಗಡಿಗೆ ಒಯ್ದು ಅದೇ ಅಳತೆಯ, ಅದೇ ರಂಧ್ರಗಳುಳ್ಳ ಹೊಸದನ್ನು ತರಬೇಕು. ಸೈಕಲ್ಲಿನ ಟ್ಯೂಬನ್ನು ಕತ್ತರಿಸಿ ಹಾಕುವ ಉಪಾಯವು ಸಲ್ಲದು. ಪೊರೆಯ ಮೃದುತ್ವವೂ ರಂಧ್ರದ ಅಳತೆಯೂ ತಪ್ಪಿದರೆ ಅನಿಲವು ತೆರೆಯಬೇಕಾದಾಗ ತೆರೆಯದೆ, ಮುಚ್ಚಬೇಕಾದಾಗ ಮುಚ್ಚದೆ ಹೋಗುತ್ತದೆ. ಕವಾಟದ ಒಳಗನ್ನು ಬಟ್ಟೆಯಿಂದ ಒರೆಸಿ ಹೊಸ ಪೊರೆಯನ್ನು ಕೂರಿಸಿ, ಎದುರುಬದುರಿನ ತಿರುಪುಗಳನ್ನು ಸ್ವಲ್ಪಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು.

ಮರಳಿ ಬಳಸುವ ಮುನ್ನ, ಅನಿಲವನ್ನು ಕೊಡದೆ ನೀರನ್ನು ಮಾತ್ರ ಹರಿಸಿ ಸೋರಿಕೆಯಿದೆಯೇ ನೋಡಬೇಕು. ನಂತರ ಸೆಲ್ಲುಗಳನ್ನು ಹಾಕಿ, ನಲ್ಲಿ ತೆರೆದಾಗ ಕಿಡಿ ಬಂದು ಮುಚ್ಚಿದಾಗ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಈ ಎರಡೂ ಸರಿಯಾದ ಮೇಲೆಯೇ ಅನಿಲವನ್ನು ಕೊಟ್ಟು, ಸೋಪಿನ ನೀರನ್ನು ಕೊಳವೆಯ ಕೂಡಲುಗಳಿಗೂ ಕವಾಟಕ್ಕೂ ಸವರಬೇಕು. ಗುಳ್ಳೆಯೆದ್ದರೆ ಸೋರಿಕೆಯುಂಟು. ಬೆಂಕಿಕಡ್ಡಿಯನ್ನು ಗೀರಿ ಸೋರಿಕೆಯನ್ನು ಹುಡುಕುವುದು ಪ್ರಾಣಕ್ಕೆ ಎರವಾದುದು.

ಸುಣ್ಣವನ್ನು ತೆಗೆಯುವುದು

ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಿಂದ ದೊರೆಯುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ ಸುಮಾರು ೫೦ ಗ್ರಾಮಿನಂತೆ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಬೇಕು. ರೆಗ್ಯುಲೇಟರನ್ನು ತೆಗೆದು, ಸೆಲ್ಲುಗಳನ್ನು ಹೊರಗಿಟ್ಟು, ನೀರಿನ ಎರಡು ಕೊಳವೆಗಳನ್ನೂ ಬಿಚ್ಚಬೇಕು. ಬಿಸಿನೀರಿನ ಬಾಯಿಗೆ ಒಂದು ರಬ್ಬರ್ ನಳಿಕೆಯನ್ನೂ ಆಲಿಕೆಯನ್ನೂ ಜೋಡಿಸಿ, ದ್ರಾವಣವು ಇನ್ನೊಂದು ಬಾಯಿಯಲ್ಲಿ ಕಾಣಿಸಿಕೊಳ್ಳುವವರೆಗೂ ನಿಧಾನವಾಗಿ ಸುರಿದು, ಆ ಬಾಯಿಯನ್ನು ಬಿರಡೆಯಿಂದ ಮುಚ್ಚಬೇಕು. ಸುಣ್ಣವು ಕರಗುವಾಗ ಗುಳ್ಳೆಗಳು ಏಳುವುದರಿಂದ ಮೇಲಿನ ಆಲಿಕೆಯನ್ನು ಮಾತ್ರ ಮುಚ್ಚಬಾರದು. ಅರ್ಧ ಗಂಟೆಯಿಂದ ಒಂದು ಗಂಟೆಯ ಮೇಲೆ ಬಸಿದು, ಗುಳ್ಳೆಗಳು ಇನ್ನೂ ಏಳುತ್ತಿದ್ದರೆ ಮತ್ತೊಮ್ಮೆ ತುಂಬಿ, ಕಡೆಗೆ ಶುದ್ಧವಾದ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಶೌಚಗೃಹ ತೊಳೆಯುವ ಆಸಿಡ್ಡನ್ನು ಬಳಸಿದರೆ ಸುಣ್ಣದೊಡನೆ ಸುರುಳಿಯ ಬೆಸುಗೆಗಳೂ ತಾಮ್ರವೂ ಸವೆಯುತ್ತವೆ. ಗಡಸುನೀರಿನ ಊರುಗಳಲ್ಲಿ ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ ಈ ಕೆಲಸವನ್ನು ಮಾಡಿದರೆ ಅನಿಲವೂ ಉಳಿತಾಯವಾಗುತ್ತದೆ.

ಅನಿಲದ ಭಾಗಗಳು

ಜೆಟ್ಟು, ಬರ್ನರು, ಅನಿಲದ ಕವಾಟ ಇವುಗಳನ್ನು ಮನೆಯವರು ಬಿಚ್ಚಬಾರದು. ಜೆಟ್ಟಿನ ರಂಧ್ರಕ್ಕೆ ಸೂಜಿಯನ್ನು ಹಾಕಿದರೆ ಅದು ದೊಡ್ಡದಾಗಿ ಅನಿಲವು ಹೆಚ್ಚು ಬಂದು ಉರಿಯು ಹಳದಿಯಾಗುತ್ತದೆ. ಮನೆಯ ೧೪.೨ ಕಿಲೋಗ್ರಾಮಿನ ಸಿಲಿಂಡರಿನ ರೆಗ್ಯುಲೇಟರು ಒಂದಡಿ ಎತ್ತರದ ನೀರಿನ ಭಾರದಷ್ಟು ಅಲ್ಪವಾದ ಒತ್ತಡದಲ್ಲಿ ಅನಿಲವನ್ನು ಬಿಡುತ್ತದೆ. ಮದುವೆಯ ಅಡಿಗೆಯ ದೊಡ್ಡ ಒಲೆಗಳಿಗೆ ಹಾಕುವ ಹೆಚ್ಚಿನ ಒತ್ತಡದ ರೆಗ್ಯುಲೇಟರನ್ನು ಗೀಸರಿಗೆ ಜೋಡಿಸಿದರೆ ಕವಾಟವು ಅದನ್ನು ತಡೆಯಲಾರದು. ಅನಿಲದ ರಬ್ಬರ್ ಕೊಳವೆಯು ಐ.ಎಸ್.ಐ. ಗುರುತುಳ್ಳ ಸುರಕ್ಷಾ ಕೊಳವೆಯೇ ಆಗಿರಬೇಕು. ಬಿರುಕು ಕಾಣದಿದ್ದರೂ ೫ ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸತಕ್ಕದ್ದು. ಹಿತ್ತಲಿನಲ್ಲಿ ಇಲಿಗಳ ಕಾಟವಿರುವ ಮನೆಗಳಲ್ಲಿ ಅದನ್ನು ಆಗಾಗ ಉದ್ದಕ್ಕೂ ನೋಡುತ್ತಿರಬೇಕು.

ಸಗಣಿಯ ಅನಿಲದ ಸ್ಥಾವರವುಳ್ಳ ರೈತರು ಅದನ್ನೇ ಈ ಗೀಸರಿಗೆ ಕೊಡಬಹುದೇ ಎಂದು ವಿಚಾರಿಸುವುದುಂಟು. ಕೊಡಕೂಡದು. ಸಗಣಿಯ ಅನಿಲದಲ್ಲಿ ಉರಿಯುವ ಅಂಶವಾದ ಮೀಥೇನು ನೂರಕ್ಕೆ ಸುಮಾರು ೫೫ರಿಂದ ೬೦ ಪಾಲು ಮಾತ್ರ. ಅದಕ್ಕೆ ಬೇಕಾದ ಜೆಟ್ಟೂ ಗಾಳಿಯ ಬೆರಕೆಯೂ ಬೇರೆ. ಅದಕ್ಕೆಂದೇ ಮಾಡಿದ ಒಲೆಯ ಮೇಲೆ ಹಂಡೆಯನ್ನಿಟ್ಟು ನೀರು ಕಾಯಿಸುವುದೇ ಲೇಸು.

ಎಲ್ಲಕ್ಕಿಂತ ಮುಖ್ಯವಾದ ಅಂಗ: ಗಾಳಿ

ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತನು ೧೮೬೮ರಲ್ಲಿ ಹರಿಯುವ ನೀರನ್ನು ಅನಿಲದಿಂದ ಕಾಯಿಸುವ ಯಂತ್ರವನ್ನು ಮಾಡಿ ಅದಕ್ಕೆ ಗೀಸರೆಂದು ಹೆಸರಿಟ್ಟನು. ಅದಕ್ಕೆ ಹೊಗೆಯ ಕೊಳವೆಯಿರಲಿಲ್ಲ; ಉರಿದ ವಾಯುವೆಲ್ಲ ಸ್ನಾನದ ಕೋಣೆಯಲ್ಲಿಯೇ ಉಳಿಯುತ್ತಿತ್ತು. ನೂರೈವತ್ತು ವರ್ಷಗಳ ಮೇಲೂ ಹೊಗೆಕೊಳವೆಯಿಲ್ಲದ ಗೀಸರನ್ನು ಬಚ್ಚಲುಮನೆಯೊಳಗೆ ತಗುಲಿಹಾಕುವವರು ಅದೇ ತಪ್ಪನ್ನು ಮಾಡುತ್ತಿದ್ದಾರೆ.

ಲೆಕ್ಕವನ್ನು ನೋಡಿದರೆ ಅಪಾಯವು ಸ್ಪಷ್ಟವಾಗುತ್ತದೆ. ೬ ಲೀಟರಿನ ಗೀಸರು ನೀರಿನ ಉಷ್ಣತೆಯನ್ನು ಸುಮಾರು ೨೫ ಡಿಗ್ರಿ ಏರಿಸುತ್ತ ಹತ್ತು ನಿಮಿಷ ಉರಿದರೆ ಸುಮಾರು ೧೬೦ ಗ್ರಾಂ ಅನಿಲವು ಖರ್ಚಾಗುತ್ತದೆ. ಇಷ್ಟನ್ನು ಉರಿಸಲು ಸುಮಾರು ೨ ಘನಮೀಟರ್ ಗಾಳಿಯು ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿರುವ ಗಾಳಿಯೆಲ್ಲವೂ ಐದೂವರೆ ಘನಮೀಟರಿಗಿಂತ ಕಡಿಮೆ. ಎಂದರೆ ಒಬ್ಬರ ಸ್ನಾನವು ಮುಗಿಯುವಷ್ಟರಲ್ಲಿ ಕೋಣೆಯ ಗಾಳಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನದನ್ನು ಗೀಸರೇ ಬಳಸಿಕೊಂಡಂತಾಯಿತು. ಪ್ರಾಣವಾಯು ಸಾಲದಾದಾಗ ಅನಿಲವು ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಹುಟ್ಟುತ್ತದೆ. ಇದು ರಕ್ತದ ಕೆಂಪು ದ್ರವ್ಯಕ್ಕೆ ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಅಂಟಿಕೊಂಡು, ಉಸಿರಾಡುತ್ತಿದ್ದರೂ ಪ್ರಾಣವಾಯುವು ದೇಹಕ್ಕೆ ಸೇರದಂತೆ ಮಾಡುತ್ತದೆ. ಸಿಲಿಂಡರಿನ ಅನಿಲಕ್ಕೆ ಸೇರಿಸಿರುವ ದುರ್ವಾಸನೆಯು ಉರಿಯುವಾಗ ನಾಶವಾಗುವುದರಿಂದ ಮೂಗೂ ಎಚ್ಚರಿಸಲಾರದು. ಹಳದಿಯ ಉರಿಯು ಈ ವಿಷದ ಒಂದು ಸೂಚನೆ. ಆದರೆ ನೀಲಿಯ ಉರಿಯೂ ಮುಚ್ಚಿದ ಕೋಣೆಯಲ್ಲಿ ನಂಬತಕ್ಕದ್ದಲ್ಲ.

ಮಾಗಿಯ ಚಳಿಯಲ್ಲಿ ಬಚ್ಚಲ ಗವಾಕ್ಷಿಗೆ ಗೋಣಿಚೀಲವನ್ನು ತುರುಕಿ, ಮನೆಮಂದಿಯೆಲ್ಲರೂ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವುದು ವಾಡಿಕೆ. ಹೊಲಕ್ಕೆ ಹೋಗುವ ಗಂಡಸರದು ಮೊದಲಾಗುತ್ತದೆ. ಮನೆಗೆಲಸ ಮುಗಿಸಿದ ಹೆಂಗಸರೂ ಮಕ್ಕಳೂ ಕಡೆಗೆ ಹೋಗುತ್ತಾರೆ. ಕಡೆಯವರ ಪಾಲಿಗೆ ಉಳಿಯುವುದು ಎಲ್ಲಕ್ಕಿಂತ ಕೆಟ್ಟ ಗಾಳಿ. ಮೊದಲು ಸ್ನಾನ ಮಾಡಿದವನಿಗೆ ಏನೂ ಆಗಲಿಲ್ಲವೆಂಬುದು ಕಡೆಯವಳ ಕ್ಷೇಮಕ್ಕೆ ಆಧಾರವಾಗುವುದಿಲ್ಲ.

ಆದುದರಿಂದ ಗೀಸರನ್ನೂ ಸಿಲಿಂಡರನ್ನೂ ಬಚ್ಚಲುಮನೆಯ ಹೊರಗೋಡೆಗೆ, ಎರಡು ಮಗ್ಗುಲಾದರೂ ತೆರೆದಿರುವ ಹಿತ್ತಲ ಜಗಲಿಯಲ್ಲಿ, ಮಳೆಗೆ ನೆನೆಯದಂತೆ ಮರೆಮಾಡಿ ಇಡತಕ್ಕದ್ದು. ಗವಾಕ್ಷಿಯ ನೇರ ಕೆಳಗೆ ಇಟ್ಟರೆ ಉರಿದ ವಾಯುವು ಮರಳಿ ಒಳಗೇ ಬರುತ್ತದೆ. ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಕ್ಕೆ ತರಬೇಕು, ಸಾಮಾನ್ಯ ಪಿ.ವಿ.ಸಿ. ಕೊಳವೆಯು ಬಿಸಿಗೆ ಮೆತ್ತಗಾಗುವುದರಿಂದ ಬಿಸಿನೀರಿಗೆಂದೇ ಮಾಡಿದ ಸಿ.ಪಿ.ವಿ.ಸಿ. ಕೊಳವೆಯನ್ನು ಹಾಕಬೇಕು. ಒಳಗಿರುವ ಗೀಸರನ್ನು ಹೊರಕ್ಕೆ ಸಾಗಿಸುವವರೆಗೂ ಅದನ್ನು ಬಳಸದೆ ಇರುವುದೇ ಕ್ಷೇಮ.

ಸ್ನಾನ ಮಾಡುವವರಿಗೆ ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನಲ್ಲಿ ಬಲವಿಲ್ಲದಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಹೊರಬರಬೇಕು. ಕರೆದರೆ ಉತ್ತರ ಬಾರದಿದ್ದಲ್ಲಿ ಬಾಗಿಲನ್ನು ಒಡೆದಾದರೂ ತೆರೆದು, ಬಿದ್ದವರನ್ನು ಬಯಲಿಗೆ ತಂದು, ಅನಿಲವನ್ನು ನಿಲ್ಲಿಸಿ, ೧೦೮ಕ್ಕೆ ಕರೆಮಾಡತಕ್ಕದ್ದು. ಬಿದ್ದವರು ಎಚ್ಚರಗೊಂಡು ಚೆನ್ನಾಗಿರುವೆನೆಂದರೂ ವೈದ್ಯರಿಗೆ ತೋರಿಸದೆ ಬಿಡಬಾರದು. ಅನಿಲದ ಸೋರಿಕೆಯ ವಿಷಯಕ್ಕೆ ೧೯೦೬ ಎಂಬ ಸಂಖ್ಯೆಯು ಹಗಲಿರುಳೂ ದೊರೆಯುತ್ತದೆ.

ಸೆಲ್ಲು, ಜಾಲರಿ, ಪೊರೆ, ಸುಣ್ಣ ಇವು ಅಲ್ಪವೆಚ್ಚದ ಕೆಲಸಗಳು. ತಾಳ್ಮೆಯುಳ್ಳ ರೈತನು ಇವುಗಳನ್ನು ತಾನೇ ನೋಡಿಕೊಳ್ಳಬಹುದು. ಅನಿಲದ ಭಾಗಗಳನ್ನು ವಿತರಕರ ಅಥವಾ ತಯಾರಕರ ಮೆಕ್ಯಾನಿಕನಿಗೆ ಬಿಡಬೇಕು. ಗಾಳಿಯ ಏರ್ಪಾಡನ್ನು ಮಾತ್ರ ಯಾರಿಗೂ ಬಿಡದೆ ಮನೆಯ ಯಜಮಾನನೇ ಇಂದೇ ನೋಡತಕ್ಕದ್ದು. ಗವಾಕ್ಷಿಯ ಗೋಣಿಚೀಲವನ್ನು ಕಿತ್ತೆಸೆಯಲು ಒಂದು ಕಾಸೂ ಬೇಕಾಗುವುದಿಲ್ಲ.